ಯಾರ ಮಾರು?

ಕಡಲ ಕಾವಲಿಗೆ ಹೊಸ ಕಾಯ್ದೆ ಬಂದ ಆ ಕಾಲವೇ ಚೆಂದ. ಹಾಯಿದೋಣಿ ಹತ್ತು ಮಾರಿಗಿಂತ ಆಳದ ನೀರಿಗೆ ಹೋಗಬಾರದು, ಹೋದರೆ ಜಪ್ತಿ ಎಂದಿತ್ತು ನಿಯಮ. ಗಂಗೊಳ್ಳಿಯ ದುಗ್ಗಪ್ಪ ಖಾರ್ವಿಗೆ ಇದ್ದದ್ದೇ ಒಂದು ದೋಣಿ. ಆಳು ಎಷ್ಟು ಉದ್ದ ಅಂತೀರಿ! ಕೈ ಚಾಚಿದರೆ ಒಂದು ಗಂಗೊಳ್ಳಿಯಲ್ಲಿ, ಇನ್ನೊಂದು ಹೊಳೆಯಾಚೆ ಕುಂದಾಪುರದಲ್ಲಿ.

ಒಂದು ದಿನ ಕಡಲಲ್ಲಿ ಅವನನ್ನು ತಡೆದ ಕಾವಲು ಸಾಹೇಬರೋ ಗಿಡ್ಡ. ಗುಂಡು ಕಟ್ಟಿದ ಹಗ್ಗವನ್ನು ನೀರಿಗಿಳಿಸಿ, ಎಳೆದುಕೊಂಡು, ಎರಡೂ ಕೈ ಚಾಚಿ ಚಾಚಿ ಅಳೆದರು.

"ಹನ್ನೊಂದು ಮಾರು! ದೋಣಿ ಜಪ್ತಿ!"

ದುಗ್ಗಪ್ಪ ಅದೇ ಹಗ್ಗವನ್ನು ತಾನೂ ಕೈ ಚಾಚಿ ಅಳೆದ.

"ನಂಗೆ ಒಂಬತ್ತೇ ಬಂತಲ್ಲ ಮಾರಾಯ್ರೆ! ನಿಯಮದಲ್ಲಿ ಯಾರ ಮಾರು ಅಂತ ಬರೆದಿದೆ?"

ಸಾಹೇಬರು ನಿಯಮದ ಪುಸ್ತಕ ತಿರುವಿ ಹಾಕಿದರು. ಬರೆದಿರಲಿಲ್ಲ. "ಇದು ದೇಶದ ಕಾನೂನು ಕಣಯ್ಯಾ!" ಎಂದು ಗುಡುಗಿದರು.

"ಹಾಗಾದ್ರೆ ದೇಶವೇ ಬಂದು ಕೈ ಚಾಚಲಿ, ಅಳೆಯುವ. ಅಲ್ಲಿವರೆಗೆ ನಾನು ಬಲೆ ಬಿಡ್ತೇನೆ."

ಸಾಹೇಬರು ತಮ್ಮ ಪುಟ್ಟ ಕೈಗಳನ್ನು ಒಮ್ಮೆ ನೋಡಿಕೊಂಡು, ಹೊಟ್ಟೆ ಹಿಡಿದು ನಕ್ಕರು. "ಹೋಗಯ್ಯಾ, ಹೋಗು!"

ಈಗ ಆಳವನ್ನು ಯಂತ್ರ ಹೇಳುತ್ತದೆ. ಅದನ್ನು ನಗಿಸಿ ದೋಣಿ ಬಿಡಿಸಿಕೊಂಡವರನ್ನು ನಾನಂತೂ ಕಾಣೆ.