ಮೊದಲನೇ ದೋಸೆ ಬೇಡವೆಂದ ಮೀಸೆರಾಯ

ಒಂದಾನೊಂದು ಊರಿನಲ್ಲಿ ಒಂದು ಒಲೆ ಇತ್ತು. ಒಲೆಯ ಮೇಲೆ ಒಂದು ಕಾವಲಿ ಇತ್ತು. ಕಾವಲಿಯ ಹಿಂದೆ ಚೆಲುವಾಜಮ್ಮ ಇದ್ದಳು. ಊರಿನ ಹೆಸರು ಮಾತ್ರ ಕೇಳಬೇಡಿ. ಕೇಳಿದರೆ ನಿಮ್ಮೂರಿನ ಹೆಸರನ್ನೇ ಹೇಳಿಬಿಡುತ್ತೇನೆ, ಆಮೇಲೆ ಜಗಳಕ್ಕೆ ಬರಬಾರದು. ಬೆಂಕಿಗೆ ಹತ್ತಿರ ಸರಿದು ಕೂತುಕೊಳ್ಳಿ. ಆಕಳಿಸುವವರು ಈಗಲೇ ಆಕಳಿಸಿ ಮುಗಿಸಿ.

ಚೆಲುವಾಜಮ್ಮ ದೋಸೆ ಹುಯ್ದು ಮಾರುತ್ತಿದ್ದಳು. ಅವಳ ಅಂಗಡಿಯಲ್ಲಿ ಒಲೆ, ಕಾವಲಿ, ಹಿಟ್ಟಿನ ಪಾತ್ರೆ, ಕಾವಲಿಗೆ ಎಣ್ಣೆ ಸವರಲು ಅರ್ಧ ಈರುಳ್ಳಿ, ಇಷ್ಟೇ. ಕೂರಲು ಒಂದು ಮಣೆ ಇತ್ತು, ಅದೂ ಅವಳಿಗೇ. ತಿನ್ನುವವರು ನಿಂತೇ ತಿನ್ನಬೇಕು.

ಮುಂಚೆ ಹೀಗಿರಲಿಲ್ಲ. ಮುಂಚೆ ಬೆಂಚು ಇತ್ತು, ಬಣ್ಣದ ಬೋರ್ಡು ಇತ್ತು, ಏಳು ಥರದ ಚಟ್ನಿ ಇತ್ತು, ಗಿರಾಕಿಗಳಿಗೆ ಗಾಳಿ ಬೀಸಲು ಒಂದು ನವಿಲೂ ಇತ್ತು. ಗಿರಾಕಿ ಮಾತ್ರ ಇರಲಿಲ್ಲ.

ಈಗ ಕೇಳಿ. ಮೊದಲನೇ ದೋಸೆ ಎಲ್ಲರ ಮನೆಯಲ್ಲೂ ಕೆಡುತ್ತದೆ. ನಿಮ್ಮ ಮನೆಯಲ್ಲೂ ಕೆಡುತ್ತದೆ, ಸುಳ್ಳು ಹೇಳಬೇಡಿ. ಅಂಟುತ್ತದೆ, ಹರಿಯುತ್ತದೆ, ಏಳು ಅಂದರೆ ಏಳುವುದಿಲ್ಲ. ನೀವು ಅದನ್ನು ಕಾಗೆಗೋ ಹಸುವಿಗೋ ಹಾಕಿ ಮರೆತುಬಿಡುತ್ತೀರಿ. ಚೆಲುವಾಜಮ್ಮ ಮರೆಯುತ್ತಿರಲಿಲ್ಲ. ಆ ಹರಕು ದೋಸೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಕೇಳುತ್ತಿದ್ದಳು.

“ಏನ್ಲಾ, ಯಾಕ್ಲಾ ಕೆಟ್ಟೆ?”

ದೋಸೆ ಹೇಳುತ್ತಿತ್ತು. ಹೌದು, ಬಾಯಿಬಿಟ್ಟು ಹೇಳುತ್ತಿತ್ತು. ಕೆಟ್ಟ ದೋಸೆಗೆ ಮಾತು ಬರುತ್ತದೆ. ಚೆನ್ನಾಗಿ ಬಂದ ದೋಸೆ ತಿನ್ನಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತದೆ, ಅದಕ್ಕೆ ಮಾತಿಗೆ ಪುರುಸೊತ್ತಿಲ್ಲ.

“ಚಟ್ನಿ ಏಳು ಮಾಡಿದ್ದೀಯ, ಏಳಕ್ಕೂ ಉಪ್ಪು ಮರ್ತಿದ್ದೀಯ. ಒಂದೇ ಇದ್ದಿದ್ರೆ ಮರೀತಿದ್ಯಾ?” ಅಂದಿತು ಒಂದು ದಿನ.

ಅವಳು ದೋಸೆಯನ್ನು ಬಾಯಿಗೆ ಬಂದ ಹಾಗೆ ಬೈದಳು. ಬೈದು ತಿಂದಳು. ಮಾರನೇ ದಿನ ಚಟ್ನಿ ಒಂದೇ ಆಯಿತು.

“ಬೆಂಚಲ್ಲಿ ಕೂತೋರು ಮಧ್ಯಾಹ್ನ ಆದ್ರೂ ಏಳಲ್ಲ,” ಅಂದಿತು ಇನ್ನೊಂದು ದಿನ. ಬೆಂಚು ಒಲೆಗೆ ಸೌದೆಯಾಯಿತು.

“ನವಿಲು ಯಾಕೆ?” ಅಂದಿತು ಮತ್ತೊಂದು ದಿನ. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ. ನವಿಲನ್ನು ಕೇಳಿದರೆ ನವಿಲಿಗೂ ಗೊತ್ತಿರಲಿಲ್ಲ. ನಾಚಿಕೊಂಡು ಕಾಡಿಗೆ ಹೋಯಿತು.

ಅವಳಿಗೂ ದೋಸೆಗೂ ಇದ್ದ ಒಪ್ಪಂದ ಒಂದೇ. “ದಿನಕ್ಕೆ ಒಂದೇ ತಪ್ಪು ಹೇಳ್ಬೇಕು. ಎರಡು ಹೇಳಿದ್ರೆ ಮಗುಚಿ ಹಾಕಿ ಇನ್ನೊಂದ್ ಮಗ್ಗುಲೂ ಸೀಯಿಸ್ತೀನಿ,” ಅಂದಿದ್ದಳು ಚೆಲುವಾಜಮ್ಮ. ದಿನಕ್ಕೊಂದು ತಪ್ಪು, ದಿನಕ್ಕೊಂದು ತಿದ್ದು. ಬರಬರುತ್ತಾ ಅವಳ ಎರಡನೇ ದೋಸೆ ಹೇಗಾಯಿತು ಅಂದರೆ, ಅದರ ವಾಸನೆಗೆ ಕುದುರೆಗಳು ಜೀನು ಕಳಚಿಟ್ಟು ಬಂದು ಸಾಲಿನಲ್ಲಿ ನಿಲ್ಲುತ್ತಿದ್ದವು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತಾರಲ್ಲ, ಹಾಗೆ ಕಟ್ಟಿದ್ದಳು.

ಆ ರಾಜ್ಯಕ್ಕೊಬ್ಬ ರಾಜ ಇದ್ದ. ಒಂದನೇ ಮೀಸೆರಾಯ. ‘ಒಂದನೇ’ ಬಿಟ್ಟು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಅವನಿಗೆ ಎಲ್ಲದರಲ್ಲೂ ಮೊದಲಿಗನಾಗುವ ಚಟ. ಊರಲ್ಲಿ ಯಾರಿಗಾದರೂ ಸೀನು ಬಂದರೆ ಮೂಗು ಹಿಡಿದುಕೊಂಡು ಅರಮನೆಗೆ ಓಡಬೇಕು. ಮೊದಲು ರಾಜ ಸೀನಬೇಕು, ಆಮೇಲೆ ಇವರು. ಸಾವಿನ ಮನೆಗೂ ಎಲ್ಲರಿಗಿಂತ ಮೊದಲು ಹೋಗಿ ಕೂತಿರುತ್ತಿದ್ದ. ಸಾಯಬೇಕಾದವನು ಇನ್ನೂ ಗಂಜಿ ಕುಡಿಯುತ್ತಿರುತ್ತಿದ್ದ.

ರಾಜನ ಪಕ್ಕದಲ್ಲಿ ಸುಧಾರಣೆ ಮಂತ್ರಿ ಹೌದಪ್ಪ. ಎತ್ತು ಈಯಿತು ಅಂತ ರಾಜ ಅಂದರೆ, “ಹೌದು ಪ್ರಭು, ಅವಳಿ ಕರು,” ಅನ್ನುವ ಆಸಾಮಿ.

ಒಂದು ಬೆಳಿಗ್ಗೆ ರಾಜ ಚೆಲುವಾಜಮ್ಮನ ಒಲೆಯ ಮುಂದೆ ಬಂದು ನಿಂತ. ಅವಳು ಆಗಷ್ಟೇ ಸೌದೆ ಹಚ್ಚಿದ್ದಳು.

“ಇವತ್ತಿನ ಬೋಣಿ ನನ್ನದು. ಮೊದಲನೇ ದೋಸೆ ನನಗೆ,” ಅಂದ ರಾಜ.

“ಬೋಣಿ ನಿಮ್ದೇ ಆಗ್ಲಿ ಬುದ್ಧಿ. ದೋಸೆ ಎರಡನೇದು ಕೊಡ್ತೀನಿ. ಮೊದಲನೇದು ಕೆಡ್ತದೆ. ಅದು ನಂದು.”

“ಎರಡನೇದಾ? ನನಗಾ?”

“ಹೌದು ಪ್ರಭು, ನಿಮಗಾ?” ಅಂದ ಹೌದಪ್ಪ.

ಅವಳು ಮೊದಲನೇದು ಹುಯ್ದಳೋ ಇಲ್ಲವೋ, ರಾಜ ಕಾವಲಿಗೇ ಕೈ ಹಾಕಿ ಕಿತ್ತುಕೊಂಡ. ದೋಸೆ ಅರ್ಧ ಕಾವಲಿಯಲ್ಲಿ ಉಳಿಯಿತು, ಅರ್ಧ ರಾಜನ ಕೈಗೆ ಬಂತು. ಕೈಗೆ ಬಂದ ಅರ್ಧ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿತು.

“ನಿನ್ ಕಿರೀಟ ಹಿಂದುಮುಂದಾಗ್ಯದೆ,” ಅಂದಿತು.

ನಿಜವೇ ಆಗಿತ್ತು. ಪಟ್ಟಾಭಿಷೇಕದ ದಿನ ಎಲ್ಲರಿಗಿಂತ ಮೊದಲು ತಾನೇ ಹಾಕಿಕೊಳ್ಳುವ ಆತುರದಲ್ಲಿ ಹಿಂದುಮುಂದಾಗಿ ಹಾಕಿಕೊಂಡಿದ್ದ. ಕತ್ತು ಮುಚ್ಚಬೇಕಾದ ಚಿನ್ನದ ತಗಡು ಕಣ್ಣ ಮುಂದೆ ಜೋತು ಬಿದ್ದಿತ್ತು. ಅದರ ಕೆಳಗಿನ ಸಂದಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಅವನ ಮೀಸೆ ಮಾತ್ರ. ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಿರಲಿಲ್ಲ. ಸಾಲಿನಲ್ಲಿದ್ದ ಒಂದು ಕುದುರೆ ಕಿಸಕ್ಕನೆ ನಕ್ಕಿತು. ಆಮೇಲೆ ಊರೇ ನಕ್ಕಿತು.

ರಾಜನಿಗೆ ಸಿಟ್ಟು ನೆತ್ತಿಗೇರಿತು. “ಕೆಟ್ಟಿದ್ದು ಯಾವುದು? ಮೊದಲನೇ ದೋಸೆ. ಬಾಯಿ ಮಾಡಿದ್ದು ಯಾವುದು? ಮೊದಲನೇ ದೋಸೆ. ಇನ್ನು ಮೇಲೆ ನನ್ನ ರಾಜ್ಯದಲ್ಲಿ ಯಾರೂ ಮೊದಲನೇ ದೋಸೆ ಹುಯ್ಯಬಾರದು. ಎಲ್ಲರೂ ಎರಡನೆಯದರಿಂದಲೇ ಶುರು ಮಾಡಬೇಕು. ಮೀರಿದವರ ಕಾವಲಿ ಕಿತ್ತುಕೊಂಡು ಬಂದು ಅರಮನೆಗೆ ಜಾಗಟೆ ಮಾಡಿಸುತ್ತೇನೆ!”

“ಹೌದು ಪ್ರಭು! ಎಂಥಾ ಸುಧಾರಣೆ!” ಅಂದ ಹೌದಪ್ಪ. ತಮಟೆ ಬಡಿದು ಊರಿಗೆಲ್ಲಾ ಸಾರಿದರು.

ಮಾರನೇ ದಿನ ಊರಿನವರೆಲ್ಲಾ ಎರಡನೇ ದೋಸೆಯಿಂದ ಶುರು ಮಾಡಿದರು. ಅದೂ ಅಂಟಿತು, ಅದೂ ಹರಿಯಿತು. ಹೌದಪ್ಪ ಕಾನೂನನ್ನು ಸುಧಾರಿಸಿದ: ಮೂರನೆಯದರಿಂದ ಶುರು ಮಾಡಿ. ಅದೂ ಅಂಟಿತು. ಮತ್ತೆ ಸುಧಾರಿಸಿದ: ನಾಲ್ಕನೆಯದರಿಂದ. ದಿನಾ ಸುಧಾರಣೆ, ದಿನಾ ತಮಟೆ. ಕೊನೆಗೆ ಜನ ಖಾಲಿ ಕಾವಲಿಯ ಮುಂದೆ ಕೂತು, “ಒಂದು ಹುಯ್ದೆವು ಅಂದ್ಕೊಳ್ಳಿ, ಎರಡು ಹುಯ್ದೆವು ಅಂದ್ಕೊಳ್ಳಿ, ಮೂರು ಹುಯ್ದೆವು ಅಂದ್ಕೊಳ್ಳಿ,” ಅಂತ ಎಣಿಸತೊಡಗಿದರು. ನಿಜವಾದ ದೋಸೆಯ ಸರದಿ ಬರುವಷ್ಟರಲ್ಲಿ ಒಲೆ ಆರಿ ಬೆಕ್ಕು ಮಲಗಿರುತ್ತಿತ್ತು.

ದೋಸೆಗೊಂದು ನ್ಯಾಯ, ಉಳಿದದ್ದಕ್ಕೊಂದು ನ್ಯಾಯವೇ? ಹೌದಪ್ಪ ಬಿಡುತ್ತಾನೆಯೇ? ಕೋಳಿಗಳು ಮೊದಲನೇ ಕೂಗು ಕೂಗಬಾರದು ಅಂದ. ಪ್ರತಿ ಹುಂಜವೂ ಪಕ್ಕದ ಹುಂಜ ಕೂಗಲಿ ಅಂತ ಕಾದು ಕೂತಿತು. ಸೂರ್ಯ ಕರೆಯದ ಮದುವೆಗೆ ಬಂದವನ ಹಾಗೆ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಮದುವೆ ಮನೆಯಲ್ಲಿ ತಾಳಿಗೆ ಮೊದಲನೇ ಗಂಟು ಹಾಕುವ ಹಾಗಿಲ್ಲ ಅಂದ ಹೌದಪ್ಪ. ಮದುಮಕ್ಕಳು ದಾರದ ತುದಿ ಹಿಡಿದುಕೊಂಡು ಮುದುಕರಾಗುತ್ತಾ ಕೂತರು. ಆಮೇಲೆ ಅರಮನೆಯ ಮೆಟ್ಟಿಲಿನ ಮೇಲೆ ಹೌದಪ್ಪನ ಕಣ್ಣು ಬಿತ್ತು.

“ಇಲ್ಲಿ ಮೊದಲನೇ ಮೆಟ್ಟಿಲು ಇದೆ! ಕೀಳಿ!”

ಕಿತ್ತರು. ಆಗ ಎರಡನೆಯದು ಮೊದಲನೆಯದಾಯಿತು. ಅದನ್ನೂ ಕಿತ್ತರು. ಹೀಗೆ ಕಿತ್ತು ಕಿತ್ತು ಮೆಟ್ಟಿಲೇ ಇಲ್ಲದಂತಾಯಿತು. ಆ ಹೊತ್ತಿಗೆ ಒಂದನೇ ಮೀಸೆರಾಯ ಮೇಲಿನ ಉಪ್ಪರಿಗೆಯಲ್ಲಿ ಮೀಸೆಗೆ ಎಣ್ಣೆ ಹಚ್ಚುತ್ತಿದ್ದ.

ಇತ್ತ ಚೆಲುವಾಜಮ್ಮ ಏನು ಮಾಡಿದಳು? ದಿನಾ ಬೆಳಿಗ್ಗೆ ಎದ್ದಳು, ಒಲೆ ಹಚ್ಚಿದಳು, ಒಂದನೇ ದೋಸೆ ಹುಯ್ದಳು. ಬಾಗಿಲು ಹಾಕಿಕೊಂಡಲ್ಲ, ಬೀದಿಗೆ ಕಾಣುವ ಹಾಗೆ.

ಪಕ್ಕದ ಮನೆಯ ಕಾಳಕ್ಕ ಓಡಿ ಬಂದಳು. “ಅಕ್ಕೋ, ಒಂದನ್ನ ಎರಡು ಅಂದ್ಬುಡು. ಬಾಯಿ ಮಾತು ತಾನೆ? ಕಾವಲಿ ಕಿತ್ಕೊಂಡ್ರೆ ಹೊಟ್ಟೆಗೇನ್ ಮಾಡ್ತೀಯ?”

“ಈ ಕಾವಲಿ ಬಿಟ್ರೆ ನಂಗ್ ಬೇರೇನಿಲ್ಲ ಕಣೆ. ಗೊತ್ತು. ಆದ್ರೆ ಎರಡು ಅಂದ್ರೆ ದೋಸೆ ಸುಮ್ಕಾಗ್ಬುಡ್ತದೆ. ಆಮೇಲೆ ನನ್ ತಪ್ಪ ನಂಗೆ ಹೇಳೋರ್ಯಾರು? ಹೌದಪ್ಪನಾ?”

ಅವಳಿಗೆ ಭಯ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಭಯಕ್ಕಿಂತ ಸಿಟ್ಟು ಒಂದು ಸೌಟು ಜಾಸ್ತಿ ಇತ್ತು.

ಸೈನಿಕರು ಬಂದರು. ಅವಳ ಅಂಗೈ ಮೇಲಿನ ಹರಕು ದೋಸೆ ನೋಡಿ ಕೇಳಿದರು, “ಇದು ಎಷ್ಟನೇದು?”

“ಒಂದನೇದು.”

“ಎರಡನೇದು ಅನ್ನಮ್ಮ, ನಾವು ಹೊರಟೋಗ್ತೀವಿ.”

“ಒಂದನೇದು.”

“ಮೆಲ್ಲಗಾದ್ರೂ ಅನ್ನಮ್ಮ.”

“ಒಂದ್ನೇದೂ!” ಅಂತ ಅವಳು ಕೂಗಿದ ಕೂಗಿಗೆ ಊರಾಚೆಯ ಹುಂಜಗಳು, ಅಂತೂ ಯಾರೋ ಶುರು ಮಾಡಿದರು ಅಂತ, ಒಟ್ಟಿಗೆ ಕೂಗಿಬಿಟ್ಟವು.

ಇನ್ನು ಕಾವಲಿ ಕಿತ್ತುಕೊಳ್ಳಲೇಬೇಕು. ಆದರೆ ಮೊದಲು ಕೈ ಹಾಕುವವರು ಯಾರು? ಮೊದಲು ಕೈ ಹಾಕುವುದು ಕಾನೂನಿಗೆ ವಿರುದ್ಧ. “ನಾನು ಎರಡನೆಯವನು,” ಅಂದ ಒಬ್ಬ. “ನಾನೂ ಎರಡನೆಯವನೇ,” ಅಂದ ಇನ್ನೊಬ್ಬ. ಇಡೀ ಸೈನ್ಯದಲ್ಲಿ ಎರಡನೆಯವರೇ ಇದ್ದರು. ಅಷ್ಟರಲ್ಲಿ ಎರಡನೇ ದೋಸೆ ಕಾವಲಿಯಿಂದ ಎದ್ದಿತು. ಸೈನಿಕರು ಈಟಿಗಳನ್ನು ಗೋಡೆಗೆ ಒರಗಿಸಿ ಕುದುರೆಗಳ ಹಿಂದೆ ಸಾಲು ನಿಂತರು.

ಆ ವಾಸನೆ ಉಪ್ಪರಿಗೆಗೂ ಹೋಯಿತು. ರಾಜ ಹಸಿದು ಕಂಗಾಲಾಗಿದ್ದ. ಅರಮನೆಯ ಅಡುಗೆಯವರು ಇನ್ನೂ ಎಣಿಸುತ್ತಲೇ ಇದ್ದರು. “ಕರೆಸಿ ಅವಳನ್ನ!” ಅಂತ ಮೇಲಿನಿಂದ ಅರಚಿದ.

ಚೆಲುವಾಜಮ್ಮ ಒಲೆಯನ್ನು ತಲೆಯ ಮೇಲೆ, ಕಾವಲಿಯನ್ನು ಕಂಕುಳಲ್ಲಿ, ಮಣೆಯನ್ನು ಕೈಯಲ್ಲಿ ಹಿಡಿದು ಬಂದಳು. ಹಿಂದೆ ಇಡೀ ಸಾಲು ಬಂತು, ಕುದುರೆಗಳ ಸಮೇತ.

“ಒಂದು ದೋಸೆ ಮೇಲಕ್ಕೆ ಎಸೆಯಮ್ಮ!”

“ಎಷ್ಟನೇದು ಬೇಕು ಬುದ್ಧಿ?”

“ಹತ್ತನೇದು.”

“ಹತ್ತನೇದು ಬರ್ಬೇಕಾದ್ರೆ ಒಂದನೇದು ಹುಯ್ಬೇಕು.”

“ನನ್ನ ರಾಜ್ಯದಲ್ಲಿ ಒಂದನೇದು ಅನ್ನೋದು ಇರೋ ಹಾಗೇ ಇಲ್ಲ!”

“ಹಂಗಾದ್ರೆ ನೀವೂ ಇರೋ ಹಂಗಿಲ್ಲ, ಒಂದನೇ ಮೀಸೆರಾಯ್ರೆ.”

“ಹೌದು ಪ್ರಭು,” ಅಂದುಬಿಟ್ಟ ಹೌದಪ್ಪ. ಬಾಯಿಗೆ ಅಭ್ಯಾಸ. ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ತಮಟೆಯವನು ಸಾರಿಯಾಗಿತ್ತು.

“ಹಾಗಾದರೆ ನಾನು ಎರಡನೇ ಮೀಸೆರಾಯ!” ಅಂತ ಕೂಗಿದ ರಾಜ.

“ಒಂದನೆಯೋರು ಇಲ್ದಿದ್ಮೇಲೆ ಎರಡನೆಯೋರೇ ಮೊದಲ್ನೆಯೋರು ಬುದ್ಧಿ.”

“ಮೂರನೇ!”

“ಈಗ ಮೂರನೆಯೋರೇ ಮೊದಲ್ನೆಯೋರು.”

ನಾಲ್ಕನೇ, ಐದನೇ, ಆರನೇ ಅಂತ ರಾಜ ಇಳಿಯುತ್ತಲೇ ಹೋದ. ಮಧ್ಯಾಹ್ನದ ಹೊತ್ತಿಗೆ ಅವನ ನಂಬರು ಊರಿನ ಜನವನ್ನೆಲ್ಲಾ ದಾಟಿ, ಸೈನ್ಯ ದಾಟಿ, ಸಾಲಿನ ಕೊನೆಯ ಕುದುರೆಯನ್ನೂ ದಾಟಿತು. ಆಗ ಅವನು ಎಣಿಸುವುದನ್ನು ನಿಲ್ಲಿಸಿದ. “ನನಗೆ ಹಸಿವಾಗ್ತಿದೆ. ಯಾರಾದರೂ ಇಳಿಸ್ರಪ್ಪಾ,” ಅಂದ.

ಹೌದಪ್ಪ ಮೆಟ್ಟಿಲು ಹಾಕಲು ಗಾರೆಯವರನ್ನು ಕರೆಸಿದ. “ಯಾವ್ದ್ರಿಂದ ಶುರು ಮಾಡೋಣ?” ಅಂದರು ಗಾರೆಯವರು. “ಎರಡನೆಯದರಿಂದ!” ಎರಡನೇ ಮೆಟ್ಟಿಲನ್ನು ಗಾಳಿಯಲ್ಲಿ ಇಟ್ಟರು. ಅದು ಹೌದಪ್ಪನ ಕಾಲ ಮೇಲೆ ಬಿತ್ತು. ಮೂರನೆಯದನ್ನು ಇಟ್ಟರು. ಅದು ಇನ್ನೊಂದು ಕಾಲ ಮೇಲೆ ಬಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಮಾಡಲು ಯಾರೂ ಮುಂದೆ ಬರಲಿಲ್ಲ.

ಚೆಲುವಾಜಮ್ಮ ಎದ್ದಳು. ತಾನು ಕೂತಿದ್ದ ಮಣೆಯನ್ನು ತೆಗೆದು ಗೋಡೆಯ ಬುಡಕ್ಕೆ ದಡ್ ಅಂತ ಹಾಕಿದಳು.

“ಇದು ಒಂದನೇದು. ಯಾರಿಗೆ ನನ್ ಕಾವಲಿ ಬೇಕೋ ಬಂದು ತಗೊಂಡೋಗಿ.”

ಯಾರೂ ಬರಲಿಲ್ಲ. ಆಮೇಲೆ ಕಾಳಕ್ಕ ಮನೆಗೆ ಹೋಗಿ ತನ್ನ ಮಣೆ ತಂದು ಅದರ ಮೇಲಿಟ್ಟಳು. “ಇದು ಎರಡನೇದು,” ಅಂದಳು. ಗಾರೆಯವರು ತಮ್ಮ ಮನೆಯ ಮಣೆ ತಂದರು. ಸೈನಿಕರು ತಂದರು. ಮುದುಕರಾಗುತ್ತಿದ್ದ ಮದುಮಕ್ಕಳು ತಮ್ಮ ಹಸೆಮಣೆಯನ್ನೇ ಹೊತ್ತು ತಂದರು. ರಾಜ ಒಂದೊಂದೇ ಮಣೆ ಇಳಿದು, ಚೆಲುವಾಜಮ್ಮನ ಮಣೆ ತುಳಿದು, ನೆಲಕ್ಕೆ ಕಾಲಿಟ್ಟ.

ಅವಳು ಒಲೆ ಊದಿ ಒಂದನೇ ದೋಸೆ ಹುಯ್ದಳು. ಅಂಟಿತು, ಹರಿಯಿತು. ರಾಜ ಕೈ ಚಾಚಿದ.

“ಅದನ್ನ ನನಗೆ ಕೊಡಮ್ಮ. ಅದರ ಹತ್ತಿರ ನನ್ನ ತಪ್ಪು ಕೇಳಬೇಕು.”

“ಕೊಡಲ್ಲ. ಇದು ಹೇಳೋದು ನನ್ ತಪ್ಪನ್ನ. ನಿಮ್ ತಪ್ಪು ಬೇಕಾದ್ರೆ ನೀವೇ ಹುಯ್ದು, ನೀವೇ ಕೆಡಿಸ್ಕಳಿ.” ಹಾಗೆಂದು ಸೌಟನ್ನು ಅವನ ಕೈಗೆ ಕೊಟ್ಟಳು.

ರಾಜ ಹುಯ್ದ. ಅದನ್ನು ದೋಸೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ ಕೇಳಿದ, “ಯಾಕಪ್ಪಾ ಕೆಟ್ಟೆ?”

“ಅವತ್ತೇ ಹೇಳಿದ್ನಲ್ಲ,” ಅಂದಿತು ಅದು, ಎಲ್ಲರಿಗೂ ಕೇಳಿಸುವ ಹಾಗೆ.

ರಾಜ ಎರಡೂ ಕೈಯಿಂದ ಕಿರೀಟ ತೆಗೆದು, ತಿರುಗಿಸಿ ಹಾಕಿಕೊಂಡ. ಕಣ್ಣ ಮುಂದಿನ ತಗಡು ಕತ್ತಿಗೆ ಹೋಯಿತು. ಪಟ್ಟಕ್ಕೆ ಬಂದಮೇಲೆ ಆವತ್ತೇ ಅವನು ಎದುರಿಗಿದ್ದದ್ದನ್ನು ನೋಡಿದ್ದು. ಒಣಗಿದ ಮುಖಗಳು ಬೀದಿಯ ತುದಿಯವರೆಗೂ ಇದ್ದವು.

“ಇಷ್ಟು ಜನ ಇದ್ದೀರಾ?” ಅಂದ.

“ಇದ್ದೀವಿ,” ಅಂದಳು ಚೆಲುವಾಜಮ್ಮ. “ಹೋಗಿ ಸಾಲಲ್ಲಿ ನಿಂತ್ಕಳಿ.”

ಹೋಗಿ ನಿಂತ, ಕೊನೆಯ ಕುದುರೆಯ ಹಿಂದೆ. ಅವನ ಸರದಿ ಬಂದಾಗ ಎರಡು ದೋಸೆ ತಿಂದ, ಮೂರನೇದು ಕೇಳಿದ.

ಇದರ ನೀತಿ ಏನು ಅಂತ ಕೇಳುತ್ತೀರೋ? ನವಿಲು ಸಾಕಬೇಡಿ, ಅದೇ ನೀತಿ. ಕತೆ ಸರಿಯಾಗಲಿಲ್ಲ ಅನ್ನುವವರು ನಾಳೆ ಬಂದು ಒಂದೇ ಒಂದು ತಪ್ಪು ಹೇಳಿ, ತಿದ್ದಿಕೊಳ್ಳುತ್ತೇನೆ. ಎರಡು ಹೇಳಿದರೆ ನಿಮ್ಮನ್ನೇ ಮಗುಚಿ ಹಾಕುತ್ತೇನೆ. ಕತೆ ಹೇಳಿದ ಬಾಯಿಗೆ ಒಂದನೇ ದೋಸೆ, ಕೇಳಿದ ಕಿವಿಗೆ ಎರಡನೇ ದೋಸೆ. ಕೇಳದೆ ಗೊರಕೆ ಹೊಡೆದವನು ಎದ್ದು ಹೋಗಿ ಹೌದಪ್ಪನ ಪಕ್ಕ ಕೂತು ಕಾವಲಿ ತಿಕ್ಕಲಿ.