ಜೊತೆಗಾರನ ಮಾತ್ರೆ

೧೯೯೬ನೆಯ ಇಸವಿ ಮಾರ್ಚ್ ೯, ಶನಿವಾರ. ಬಿಸಿಲು ಜೋರಾಗಿತ್ತು, ಗಾಳಿ ಇರಲಿಲ್ಲ. ವಾರ್ಡಿನಲ್ಲಿ ರೋಗಿಗಳನ್ನು ನೋಡಿ ಮುಗಿಸಿದ ಮೇಲೆ ಸೋಮನಿಂಗನೆಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಗುರುಗಳಾದ ಡಾಕ್ಟರ್ ತೋಂಟದಾರ್ಯರನ್ನು ಕೇಳಿದ:

“ಸರ್, ಊರಿಗೆಲ್ಲ ಔಷಧಿ ಬರೆದುಕೊಡಲು ಕಲಿಯುತ್ತಿದ್ದೇವೆ. ನಮಗೇ ಮೈ ಸರಿಯಿಲ್ಲದಿದ್ದರೆ ಇನ್ನೊಬ್ಬರ ಮುಂದೆ ಹೋಗಿ ಏಕೆ ಕೂರಬೇಕು? ನಮ್ಮ ಹಾಸ್ಟೆಲಿನಲ್ಲಿ ಯಾರೂ ಹೋಗುವುದಿಲ್ಲ.”

ಗುರುಗಳು ಹೇಳಿದರು:

ಒಂದು ಹಾಸ್ಟೆಲಿನ ಒಂದೇ ಕೊಠಡಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದರು. ಪರೀಕ್ಷೆಯಲ್ಲಿ ಒಬ್ಬ ಯಾವಾಗಲೂ ಮೊದಲನೆಯವನು, ಇನ್ನೊಬ್ಬ ಯಾವಾಗಲೂ ಎರಡನೆಯವನು. ನಲವತ್ತನೆಯವನಾಗಿದ್ದರೆ ಈ ಎರಡನೆಯವನು ಸುಖವಾಗಿ ನಿದ್ದೆ ಮಾಡುತ್ತಿದ್ದ. ಎರಡು ಅಂಕ, ಮೂರು ಅಂಕ, ಅಷ್ಟರಲ್ಲಿ ತಪ್ಪಿಹೋಗುತ್ತಿತ್ತು. ಜೊತೆಗಾರ ಓದುವಾಗ ಇವನು ಅವನ ಪುಟ ಮಗುಚುವ ಸದ್ದು ಕೇಳುತ್ತ ಕೂರುತ್ತಿದ್ದ. ಅವನು ನಕ್ಕರೆ ತನ್ನನ್ನು ನೋಡಿಯೇ ನಕ್ಕ ಎಂದುಕೊಳ್ಳುತ್ತಿದ್ದ.

ಮೌಖಿಕ ಪರೀಕ್ಷೆಯಲ್ಲಿ ಇವನ ಕೈ ನಡುಗುತ್ತಿತ್ತು. ಅವನ ಕೈ ನಡುಗುತ್ತಿರಲಿಲ್ಲ. ಇದೇಕೆಂದು ಇವನು ಹುಡುಕತೊಡಗಿದ. ಅವನು ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗುವುದು ಕಣ್ಣಿಗೆ ಬಿತ್ತು. ಅವನು ಸ್ನಾನಕ್ಕೆ ಹೋದಾಗ ಮಾತ್ರೆಯ ಹೆಸರು ಓದಿಕೊಂಡ. ಎದೆಬಡಿತ ತಗ್ಗಿಸಿ ನಡುಕ ನಿಲ್ಲಿಸುವ ಮಾತ್ರೆ. ‘ಹಾಗೋ ಸಮಾಚಾರ!’ ಎಂದುಕೊಂಡ. ಏತಕ್ಕೆ ತೆಗೆದುಕೊಳ್ಳುತ್ತೀಯೆಂದು ಕೇಳಲಿಲ್ಲ. ಕೇಳಿದರೆ ಸೋತಂತೆ.

ಅಂತಿಮ ವರ್ಷದ ಮೌಖಿಕದ ದಿನ ಬಿಳಿ ಕೋಟು ಹಾಕಿಕೊಂಡೇ ಔಷಧಿ ಅಂಗಡಿಗೆ ಹೋದ. ಕೋಟು ನೋಡಿ ಅಂಗಡಿಯವನು ಚೀಟಿ ಕೇಳಲಿಲ್ಲ. ಜೊತೆಗಾರ ಒಂದು ನುಂಗುತ್ತಿದ್ದ; ಇವನು ಎರಡು ನುಂಗಿದ.

ಕೈ ನಡುಗಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಬಂತು. ಪರೀಕ್ಷಕರು ಕೊನೆಗೆ ಅದೇ ಮಾತ್ರೆಯ ಹೆಸರೆತ್ತಿ, ಯಾರಿಗೆ ಕೊಡಬಾರದು ಎಂದು ಕೇಳಿದರು.

“ಉಬ್ಬಸ ಇರುವವರಿಗೆ, ಸರ್.”

ಹೇಳುತ್ತಿರುವಾಗಲೇ ಎದೆ ಬಿಗಿಯಿತು. ಇವನಿಗೇ ಚಿಕ್ಕಂದಿನಿಂದ ಉಬ್ಬಸವಿತ್ತು. ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದುಕೊಂಡಿದ್ದ. ಅದು ರೋಗಿಗಳ ವಿಷಯವೆಂದು ತಿಳಿದಿದ್ದ.

“ಯಾಕಪ್ಪಾ ಏದುತ್ತಿದ್ದೀಯ? ಮೈ ಸರಿಯಿಲ್ಲವೇ?” ಎಂದರು ಪರೀಕ್ಷಕರು.

“ಮೆಟ್ಟಿಲು ಹತ್ತಿ ಬಂದೆ, ಸರ್.”

ನಿಜ ಹೇಳಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತಿತ್ತು, ಮೊದಲ ಸ್ಥಾನ ಮತ್ತೆ ಜೊತೆಗಾರನಿಗೇ ಹೋಗುತ್ತಿತ್ತು.

ಹೊರಗೆ ಬಂದವನು ಬಾಗಿಲ ಬಳಿ ಕುಸಿದ. ಮುಂದಿನ ಸರದಿಗೆ ಕಾದಿದ್ದವನು ಜೊತೆಗಾರನೇ. “ಏನು ನುಂಗಿದೆಯೋ?” ಎಂದ. ಇವನು ಜೇಬು ತೋರಿಸಿದ. ಅವನು ಅದರೊಳಗಿನ ಮಾತ್ರೆ ತೆಗೆದು ನೋಡಿದ. “ಅಯ್ಯೋ ಪುಣ್ಯಾತ್ಮ, ಅದು ನನ್ನ ಅರೆತಲೆನೋವಿಗೆ ಡಾಕ್ಟರು ಬರೆದುಕೊಟ್ಟದ್ದು ಕಣೋ!” ಎನ್ನುತ್ತ ಇವನನ್ನು ಬೆನ್ನಿಗೆ ಹಾಕಿಕೊಂಡು ತುರ್ತು ವಾರ್ಡಿಗೆ ಓಡಿದ. ಜೀವ ಉಳಿಯಿತು. ಇತ್ತ ಜವಾನ ಜೊತೆಗಾರನ ಹೆಸರನ್ನು ಮೂರು ಸಲ ಕೂಗಿದ. ಪಟ್ಟಿಯಲ್ಲಿ ಗೈರುಹಾಜರಿ ಬಿತ್ತು.

ಮರುದಿನ ಪ್ರಾಂಶುಪಾಲರು ಹಾಸಿಗೆಯ ಬಳಿಗೆ ಬಂದರು. “ನಡೆದದ್ದನ್ನು ನಿನ್ನ ಕೈಯಲ್ಲೇ ಬರೆದುಕೊಡು. ನಿನ್ನ ಜೊತೆಗಾರನಿಗೆ ಇನ್ನೊಂದು ಅವಕಾಶ ಕೊಡಿಸೋಣ” ಎಂದರು. ಬರೆದರೆ ಮಾತ್ರೆಯ ಸಂಗತಿ ಬರೆಯಬೇಕು, ಪರೀಕ್ಷಕರಿಗೆ ಹೇಳಿದ ಸುಳ್ಳನ್ನೂ ಬರೆಯಬೇಕು.

“ನನಗೆ ಏನೂ ನೆನಪಿಲ್ಲ, ಸರ್” ಎಂದ ಎರಡನೆಯವನು. ಆ ವರ್ಷ ಅವನೇ ಮೊದಲು ಬಂದ.

ಸೋಮನಿಂಗನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಆ ಮಾತ್ರೆಗೆ ಅವನು ಏನೂ ತೆರಲಿಲ್ಲವಲ್ಲ ಸರ್! ಜೀವವೂ ಉಳಿಯಿತು, ಸ್ಥಾನವೂ ಸಿಕ್ಕಿತು” ಎಂದ.

“ಅವನು ತೆರಲಿಲ್ಲ, ಅವನನ್ನು ಹೊತ್ತು ಓಡಿದವನು ಒಂದು ವರ್ಷ ತೆತ್ತ” ಎಂದರು ಗುರುಗಳು.