ಸೀಮೆಬದನೆಗೂ ಮಂಜೂರಾತಿ

ಯಲ್ಲಾಪುರದ ಕಾಡಂಚಿನಿಂದ ಬಂದ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸು ಜುಲಿಯಾನಾ, ಮಂಡ್ಯದ ಕಡೆಯ ಒಂದು ತಾಲ್ಲೂಕು ಕಚೇರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಮೂವರು ಮಕ್ಕಳ ಅನ್ನಕ್ಕಾಗಿ ಅವಳು ಪಡಿತರ ಚೀಟಿಗೆ ಅರ್ಜಿ ಕೊಟ್ಟಳು. ಆಹಾರ ಶಿರಸ್ತೇದಾರ ನಂಜರಾಜಯ್ಯನವರು ಅವಳ ಗುಂಗುರು ಕೂದಲನ್ನು ನೋಡಿದರು. ಅರ್ಜಿಯನ್ನು ಓದದೆಯೇ ಹಿಂದಿರುಗಿಸಿದರು.

“ಪರದೇಶದಿಂದ ಬಂದವರಿಗೆಲ್ಲ ಇಲ್ಲಿ ಜಾಗವಿಲ್ಲಮ್ಮ.”

“ಇದು ಸರ್ಕಾರದ ನಿಯಮವೇ, ಸ್ವಾಮಿ?”

“ನನ್ನ ನಿಯಮ!”

ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಂಜರಾಜಯ್ಯನವರ ತಟ್ಟೆಯಲ್ಲಿ ಬರಿಯ ಮುದ್ದೆಯಿತ್ತು.

“ಇದೇನಮ್ಮ, ಪಲ್ಯ ಎಲ್ಲಿ?”

“ಸೀಮೆಬದನೆ ಪಲ್ಯ, ಸ್ವಾಮಿ. ಪರದೇಶದ್ದೆಂದು ಹೆಸರೇ ಹೇಳುತ್ತದಲ್ಲ! ಬಾಗಿಲಾಚೆ ನಿಲ್ಲಿಸಿದ್ದೇನೆ.”

“ಹಣ್ಣು?”

“ಅದು ಪರಂಗಿ ಹಣ್ಣು. ಅದೂ ಅಲ್ಲೇ ನಿಂತಿದೆ.”

“ಕಾಫಿಯನ್ನಾದರೂ ಕೊಡು ತಾಯಿ!”

“ಹಾಲು ಸೀಮೆಹಸುವಿನದು. ಅದರ ಅಜ್ಜಿಯ ಊರು ಯಾವುದೆಂದು ಹಸುವನ್ನೇ ಕೇಳಿದೆ. ದಾಖಲೆ ತೋರಿಸಲಿಲ್ಲ.”

ಕಚೇರಿಗೆ ಕಚೇರಿಯೇ ಗೊಳ್ಳೆಂದು ನಕ್ಕಿತು. ಕೊನೆಗೆ ನಂಜರಾಜಯ್ಯನವರಿಗೂ ನಗು ತಡೆಯಲಾಗಲಿಲ್ಲ. ಅವಳ ಸೆರಗಿನ ಗಂಟಿನಲ್ಲಿದ್ದ ಅರ್ಜಿಯನ್ನು ಕೇಳಿ ಪಡೆದು, ಈ ಸಲ ಪೂರ್ತಿ ಓದಿ, ಸಹಿ ಹಾಕಿದರು.

ಜುಲಿಯಾನಾ ಬಾಗಿಲಿನತ್ತ ತಿರುಗಿ ಪಲ್ಯದ ಪಾತ್ರೆಯನ್ನು ಎತ್ತಿಕೊಂಡಳು.

“ಒಳಗೆ ಬಾರಮ್ಮ ಸೀಮೆಬದನೆ. ನಮ್ಮಿಬ್ಬರಿಗೂ ಮಂಜೂರಾಯಿತು.”